ಶುದ್ಧ ಪ್ರತಿ

"ಐದರಲ್ಲಿ ಮೂರು ಅಂದ್ರೆ ಏನ್ರೀ? ಮನುಷ್ಯರನ್ನ ಹಂಗೂ ಎಣಿಸ್ತಾರಾ?"

ವಾರಿಜಾ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಗಂಡನ ಕೋಳಿಕಾಲಿನ ಅಕ್ಷರವನ್ನು ಬಿಡಿಸಿ ಓದಿ ಶುದ್ಧ ಪ್ರತಿ ಮಾಡುವುದು ಮದುವೆಯಾದ ಹನ್ನೊಂದು ವರ್ಷದಿಂದ ಅವಳದೇ ಕೆಲಸ. ಗಂಗಾಧರಯ್ಯ ಬಸವನಗುಡಿಯ ಕಾಲೇಜೊಂದರಲ್ಲಿ ಚರಿತ್ರೆ ಹೇಳುವ ಮೇಷ್ಟ್ರು. ಬರುವ ಏಪ್ರಿಲಿಗೆ ಅಮೆರಿಕದ ಅಂತರ್ಯುದ್ಧ ಶುರುವಾಗಿ ನೂರು ವರ್ಷ ತುಂಬುತ್ತದೆ, ಅಷ್ಟರೊಳಗೆ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ ತರಬೇಕು ಎಂದು ಹಟ ತೊಟ್ಟಿದ್ದರು.

"ಎಣಿಸಿದ್ರು" ಎಂದರು ಅವರು ಆರಾಮಕುರ್ಚಿಯಲ್ಲಿ ಒರಗಿಕೊಂಡೇ. "ದಕ್ಷಿಣದೋರು ನಮ್ಮ ಗುಲಾಮರನ್ನೂ ಜನಸಂಖ್ಯೆಗೆ ಸೇರಿಸ್ಕೊಳ್ಳಿ ಅಂದ್ರು, ಶಾಸನಸಭೇಲಿ ಸ್ಥಾನ ಜಾಸ್ತಿ ಸಿಗುತ್ತೆ ಅಂತ. ಉತ್ತರದೋರು ಒಪ್ಪಲಿಲ್ಲ. ಕೊನೆಗೆ ಇಬ್ರೂ ಮಧ್ಯಕ್ಕೆ ಬಂದ್ರು. ಐದು ಜನ ಗುಲಾಮರಿದ್ರೆ ಮೂರು ಜನ ಅಂತ ಲೆಕ್ಕ."

"ಮತ್ತೆ ಅವರಿಗೆ ಓಟು?"

"ಗುಲಾಮರಿಗೆ ಎಲ್ಲಿಯ ಓಟು ಮಾರಾಯ್ತಿ! ಓಟು ಯಜಮಾನರದು."

"ಥೂ, ಅವರ ಯೋಗ್ಯತೆಗೆ!" ಎಂದಳು ವಾರಿಜಾ. ಮೇಷ್ಟ್ರಿಗೆ ಖುಷಿಯಾಯಿತು. ಕಾಲೇಜಿನ ಹುಡುಗರು ಆಕಳಿಸುವ ಜಾಗದಲ್ಲಿ ಹೆಂಡತಿಯಾದರೂ ಥೂ ಅಂದಳಲ್ಲ.

"ಅದನ್ನೇ ನಾನು ಹೇಳ್ತಿರೋದು. ಜನ ಏನು ತಿಳಿದಿದಾರೆ? ಒಂದು ಕಡೆ ಕರುಣೆ, ಇನ್ನೊಂದು ಕಡೆ ಕ್ರೌರ್ಯ, ಯುದ್ಧ ಆಯ್ತು ಅಂತ. ಹಂಗಲ್ಲ ಅದು. ಓದಿದ ಜನ, ಒಳ್ಳೆ ಜನ, ಹತ್ತು ಇಪ್ಪತ್ತು ವರ್ಷಕ್ಕೊಂದು ಸಲ ಕೂತು ರಾಜಿ ಮಾಡ್ಕೊಂಡ್ರು. ನಕ್ಷೆ ಮೇಲೆ ಒಂದು ಗೆರೆ ಎಳೆದು, ಇದರ ಮೇಲೆ ಗುಲಾಮಗಿರಿ ಬೇಡ, ಕೆಳಗೆ ಇರಲಿ ಅಂದ್ರು. ಆಮೇಲೆ ಉತ್ತರದೋರು, ಒಂದು ರಾಜ್ಯ ನಮಗೆ ಬಿಡಿ, ಅದರ ಬದಲು ಓಡಿಬಂದ ನಿಮ್ಮ ಗುಲಾಮರನ್ನ ನಾವೇ ಹಿಡಿದು ಕೊಡ್ತೀವಿ ಅಂದ್ರು. ಪ್ರತಿ ಸಲವೂ ದೇಶ ಒಡೀಬಾರದು ಅನ್ನೋದೇ ನೆಪ. ರಾಜಿಯಾದ ಪ್ರತಿ ಸಲವೂ ಬಿರುಕು ದೊಡ್ಡದಾಯ್ತು. ಬರ್ಕೋ, ಇದು ಬೇಕು."

ವಾರಿಜಾ ಬರೆದುಕೊಂಡಳು. ಅವಳ ಕೈಯಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಅಚ್ಚು ಹೊಡೆದ ಹಾಗೆ ಕೂರುತ್ತಿದ್ದವು. ಜಯನಗರದ ಮೂರನೇ ಬ್ಲಾಕಿನ ಆ ಹೊಸ ಮನೆಯ ಸುತ್ತ ಆಗ ಇನ್ನೂ ಅರ್ಧ ಸೈಟುಗಳು ಖಾಲಿ. ಸಂಜೆಯಾದರೆ ದನ ಮೇಯಿಸಿಕೊಂಡು ಬರುವವರ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಗಂಡನ ಮಾತು ಕಿವಿಯೊಳಗೆ ಚೆನ್ನಾಗಿ ಇಳಿಯುತ್ತಿತ್ತು. ಇಳಿದದ್ದು ಸುಮ್ಮನಿರಲಿಲ್ಲ ಅನ್ನುವುದೇ ತೊಂದರೆ.

ಅವಳಿಗೆ ಮುನಿವೆಂಕಟಮ್ಮ ನೆನಪಾದಳು.

ಮುನಿವೆಂಕಟಮ್ಮ ಮೇಷ್ಟ್ರ ಹುಟ್ಟೂರು ಹುಳಿಮಾವಿನ ಮನೆಯ ಜೀತದವಳು. ಅವಳ ಗಂಡ ಯಾವ ಕಾಲದಲ್ಲೋ ಮದುವೆ ಖರ್ಚಿಗೆಂದು ವಾರಿಜಾಳ ಮಾವನ ಹತ್ತಿರ ಸಾಲ ಮಾಡಿ ಹೆಬ್ಬೆಟ್ಟು ಒತ್ತಿದ್ದ. ಆತ ಸತ್ತ, ಪತ್ರ ಉಳಿಯಿತು. ಇಪ್ಪತ್ತೆರಡು ವರ್ಷದಿಂದ ಆಕೆ ಆ ಮನೆಯ ಕೊಟ್ಟಿಗೆ ಬಾಚಿ, ಕಳೆ ಕಿತ್ತು, ರಾಗಿ ಬೀಸಿ ಅದನ್ನು ತೀರಿಸುತ್ತಲೇ ಇದ್ದಳು. ಅದೆಂಥ ಸಾಲವೋ, ತೀರುವ ಲಕ್ಷಣವೇ ಇರಲಿಲ್ಲ. ಅವಳ ಒಬ್ಬಳೇ ಮಗಳು ಮರಿಯಮ್ಮನನ್ನು ವಿಲ್ಸನ್ ಗಾರ್ಡನ್ನಿನಲ್ಲಿ ಗಾರೆ ಕೆಲಸದವನಿಗೆ ಕೊಟ್ಟಿತ್ತು. ಮಾವನ ವರ್ಷದ ತಿಥಿಗೆ ಹೋದಾಗ ಮುನಿವೆಂಕಟಮ್ಮ ಹಿತ್ತಿಲಲ್ಲಿ ವಾರಿಜಾಳ ಸೆರಗು ಹಿಡಿದಿದ್ದಳು.

"ಮರಿಗೆ ಮೂರು ತಿಂಗ್ಳು ಕಣವ್ವಾ. ಹಿಂದೆ ಎರಡು ಹೋಗ್ಬುಟ್ವು, ಆರೈಕೆ ಮಾಡೋರಿಲ್ದೆ. ಯುಗಾದಿ ಹೊತ್ಗೆ ದಿನ ತುಂಬ್ತದೆ. ಈ ಸಲ ನಾನೇ ಬಾಣಂತನ ಮಾಡ್ಬೇಕು. ದೊಡ್ಡೋರಂತೂ ಕಣ್ಮುಚ್ಕಂಡ್ರು. ಪಾಲಾಗೋವಾಗ ನನ್ನ ಬುಟ್ಬುಡಿ ಅಂತ ಮೇಷ್ಟ್ರಿಗೆ ಒಂದು ಮಾತು ಹೇಳವ್ವ."

"ಹೇಳೋದೇನು ಬಂತು? ಬಿಡಿಸ್ತೀನಿ. ನನ್ನ ಮಾತು ಅಂತ ಇಟ್ಕೋ" ಅಂದುಬಿಟ್ಟಿದ್ದಳು ವಾರಿಜಾ. ಗಂಡನಿಗೂ ಹೇಳಿದಳು. ಮೇಷ್ಟ್ರು ಹೆಂಡತಿಯ ಬೆನ್ನು ತಟ್ಟಿ, "ಅದೇನು ಕೇಳೋ ವಿಷಯಾನಾ? ಅಂಥ ಪತ್ರಕ್ಕೆ ಇವತ್ತಿನ ಕಾನೂನಲ್ಲಿ ಮೂರು ಕಾಸಿನ ಬೆಲೆ ಇಲ್ಲ" ಎಂದಿದ್ದರು.

ದೀಪಾವಳಿಗೆ ಮುಂಚಿನ ಭಾನುವಾರ ಹುಳಿಮಾವಿನ ಮನೆಯ ಜಗಲಿಯ ಮೇಲೆ ಪಾಲು ನಡೆಯಿತು. ಮೇಷ್ಟ್ರು, ಅವರ ತಮ್ಮ ತಿಮ್ಮರಾಯಪ್ಪ, ನಡುವೆ ಊರಿನ ಹಿರಿಯ ಗುಂಡಣ್ಣ. ಆ ಮನೆತನದ ಪದ್ಧತಿ ಅಂದರೆ, ದೊಡ್ಡವನು ಎರಡು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ದೊಡ್ಡವನು ಮೋಸ ಮಾಡಬಾರದೆಂದು ಹಿಂದಿನವರು ಹಾಕಿಕೊಟ್ಟ ಕಟ್ಟಲೆ. ಪಾಲುಪಟ್ಟಿ ಬರೆಯಲು ಶಾನುಭೋಗರನ್ನು ಕರೆಯುವ ಮಾತು ಬಂದಾಗ ಗುಂಡಣ್ಣ ಕೈಯಾಡಿಸಿಬಿಟ್ಟ.

"ಸೊಸೆ ಇರೋವಾಗ ಶಾನುಭೋಗ್ರು ಯಾಕ್ ಸ್ವಾಮಿ? ಆಯಮ್ಮನ ಅಕ್ಷರ ಮುತ್ತು ಪೋಣಿಸ್ದಂಗದೆ. ನಮ್ಮ ಹುಡುಗನ ಲಗ್ನಪತ್ರಿಕೆ ಬರ್ಸಿದ್ದು ಇವ್ರ ಕೈಲೇ ಅಲ್ವಾ?"

ವಾರಿಜಾ ಬಾಗಿಲ ಬಳಿ ಮಣೆ ಹಾಕಿಕೊಂಡು, ಮಡಿಲಲ್ಲಿ ಹಲಗೆ ಇಟ್ಟುಕೊಂಡು ಕೂತಳು. ಹೊಗಳಿಸಿಕೊಂಡದ್ದಕ್ಕೆ ಒಳಗೊಳಗೇ ಹಿಗ್ಗಿದ್ದೂ ಹೌದು. ಎತ್ತುಗಳು, ಹಂಡೆ ಕೊಳದಪ್ಪಲೆ, ಹಲಸಿನ ಮರ ಎಲ್ಲ ಬರೆದಾಯಿತು. ಬಾವಿ ಇಬ್ಬರಿಗೂ ಸೇರಿದ್ದು, ನೀರು ದಿನ ಬಿಟ್ಟು ದಿನ. ಉಳಿದದ್ದು ಹೊಲಗಳು. ಒಂದು ಬನ್ನೇರುಘಟ್ಟ ರಸ್ತೆಯ ಬದಿಯದು, ಇನ್ನೊಂದು ಕೆರೆಯ ಹಿಂದಿನದು. ಫಸಲಿಗೆ ಕೆರೆಯ ಹಿಂದಿನದೇ ವಾಸಿ. ಆದರೆ ಜಯನಗರ ಹೀಗೇ ಬೆಳೆದರೆ ಇನ್ನು ಹತ್ತು ವರ್ಷಕ್ಕೆ ರಸ್ತೆ ಬದಿಯ ಹೊಲ ಚಿನ್ನವಾಗುತ್ತದೆ ಎಂದು ಮೇಷ್ಟ್ರು ರಾತ್ರಿಯೆಲ್ಲ ಹೇಳಿದ್ದರು. ಇಬ್ಬರು ಹೆಣ್ಣುಮಕ್ಕಳ ತಂದೆ, ಪಾಪ, ಆಸೆ ಪಟ್ಟರೆ ತಪ್ಪೇನು?

ಅಷ್ಟರಲ್ಲಿ ತಿಮ್ಮರಾಯಪ್ಪ ಅಪ್ಪನ ಟ್ರಂಕು ತಂದು ತೆರೆದ. ಪತ್ರಗಳ ಕಟ್ಟು ಬಿಚ್ಚಿದರೆ ಪುಡಿಪುಡಿ ಮಣ್ಣು ಉದುರಿತು. ಗೆದ್ದಲು ಹಿಡಿದಿತ್ತು. ಜಮೀನಿನ ಕಾಗದಗಳು ಹೇಗೋ ಬಚಾವಾಗಿದ್ದವು, ಮುನಿವೆಂಕಟಮ್ಮನ ಗಂಡ ಒತ್ತಿದ ಪತ್ರದಲ್ಲಿ ಮಾತ್ರ ಹೆಬ್ಬೆಟ್ಟಿನ ಗುರುತಿದ್ದ ಮೂಲೆಯೇ ಇರಲಿಲ್ಲ. ಒಂದು ಅಕ್ಷರವೂ ಓದುವ ಹಾಗಿರಲಿಲ್ಲ. ವಾರಿಜಾಳಿಗೆ ಆ ಗೆದ್ದಲಿಗೆ ಕೈ ಮುಗಿಯಬೇಕು ಅನ್ನಿಸಿತು. ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಮಂಕರಿ ಹಿಡಿದು ನಿಂತಿದ್ದ ಮುನಿವೆಂಕಟಮ್ಮನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಅವಳೂ ನಕ್ಕಳು.

"ಹೋಯ್ತು ಬಿಡಿ" ಎಂದರು ಮೇಷ್ಟ್ರು. "ಸಂವಿಧಾನ ಬಂದು ಹತ್ತು ವರ್ಷ ಆಯ್ತು ಗುಂಡಣ್ಣ. ಜೀತ ಅನ್ನೋದೇ ಇಲ್ಲ ಈಗ. ಆಯಮ್ಮನ್ನ ಕಳಿಸಿಬಿಡೋಣ."

"ಇಲ್ಲ ಅಂದ್ರೆ ಇಲ್ಲ ಸ್ವಾಮಿ, ನೀವು ಓದಿದೋರು" ಎಂದ ಗುಂಡಣ್ಣ. "ಹಂಗೇ ನಾಳೆ ಬೆಳಿಗ್ಗೆ ಕೊಟ್ಟಿಗೆ ಬಾಚೋದು ಯಾರು ಅಂತಾನೂ ಆ ಪುಸ್ತಕ್ದಲ್ಲಿ ಬರ್ದಿದ್ರೆ ಹೇಳ್ಬುಡಿ."

ತಿಮ್ಮರಾಯಪ್ಪ ನಗಲಿಲ್ಲ. ಅವನು ಅಣ್ಣನ ಮುಖವನ್ನೇ ನೋಡುತ್ತಿದ್ದ. ಓದಿರಲಿಲ್ಲ ನಿಜ, ಅಣ್ಣನನ್ನು ಓದಿಕೊಂಡಿದ್ದ.

"ಅಣ್ಣಯ್ಯ, ಮೊದ್ಲು ಆರ್ಸೋನು ನಾನು ತಾನೆ? ನಾನು ಹಿಡಿಯೋದು ರಸ್ತೆ ಬದಿ ಹೊಲಾನೇ. ನಿಂಗೂ ಅದ್ರ ಮೇಲೇ ಕಣ್ಣದೆ, ನಂಗೊತ್ತು. ಒಂದು ಕೆಲ್ಸ ಮಾಡು. ಮುನಿವೆಂಕ್ಟಿನ ನನ್ನ ಪಾಲಿಗೆ ಅಂತ ಪಟ್ಟೀಲಿ ಬರ್ಸು. ಹಳೇ ಪತ್ರ ಹೋದ್ರೆ ಹೋಗ್ಲಿ, ನಾಕು ಜನದ ಮುಂದೆ ಹೊಸದಾಗಿ ಬರೆದಿದ್ದು ನಿಲ್ತದೆ. ನಾನು ಕೆರೆ ಹಿಂದಿಂದು ತಕಂಡು ಸುಮ್ಕಾಯ್ತೀನಿ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಲು ಶುರು ಮಾಡಿದರು. 'ಆದರೆ ಇನ್ನೊಂದು ದೃಷ್ಟಿಯಿಂದ ನೋಡಿದರೆ' ಎಂದು ಹೇಳುವ ಮುಂಚೆ ಅವರು ಯಾವಾಗಲೂ ಹೀಗೆ ಕನ್ನಡಕ ಒರೆಸುತ್ತಿದ್ದರು.

"ನೋಡು ತಿಮ್ಮಣ್ಣ, ಪೂರ್ತಿ ನಿನಗೇ ಬರೆಯೋದು ನನ್ನ ಮನಸ್ಸು ಒಪ್ಪಲ್ಲ" ಎಂದರು ಕೊನೆಗೆ. "ಆದರೆ ಕೊಟ್ಟಿಗೆ ಕೆಲಸ ಏಕಾಏಕಿ ನಿಲ್ಲಿಸೋದೂ ಕಷ್ಟವೇ. ಒಂದು ಮಧ್ಯದ ದಾರಿ ಇದೆ. ಬಾವಿ ಸರದಿ ಇಟ್ಕೊಂಡ ಹಂಗೇ ಇಟ್ಕೊಳ್ಳೋಣ. ಯುಗಾದಿಯಿಂದ ದೀಪಾವಳಿವರೆಗೆ ನಿನ್ನ ಹತ್ತಿರ. ದೀಪಾವಳಿಯಿಂದ ಯುಗಾದಿವರೆಗೆ ಜಯನಗರದಲ್ಲಿ. ನಮ್ಮಲ್ಲಿದ್ದಾಗ ಮನೆಯೋಳ ಹಂಗೇ ಇರ್ತಾಳೆ, ಮಗಳ ಮನೆಯೂ ಹತ್ತಿರ. ನಾಲ್ಕೈದು ವರ್ಷದಲ್ಲಿ ತಾನಾಗೇ ಬಿಟ್ಟುಹೋಗುತ್ತೆ ಇದೆಲ್ಲ."

"ಭಲೇ! ಓದಿದೋರ ತಲೆ ಅಂದ್ರೆ ಇದು!" ಎಂದು ಗುಂಡಣ್ಣ ತೊಡೆ ತಟ್ಟಿದ. ತಿಮ್ಮರಾಯಪ್ಪ ಕೆರೆಯ ಹಿಂದಿನ ಹೊಲಕ್ಕೆ ಹೂಂ ಅಂದ.

"ಬರಿ ವಾರಿಜಾ" ಎಂದರು ಮೇಷ್ಟ್ರು, ಅವಳ ಕಡೆ ನೋಡದೆ.

ವಾರಿಜಾ ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. ಎದ್ದು ಒಳಗೆ ಹೋಗಿಬಿಡಬೇಕು, ಶಾನುಭೋಗರನ್ನೇ ಕರೆಸಿಕೊಳ್ಳಿ ಅನ್ನಬೇಕು ಎಂದುಕೊಂಡಳು. ಶಾನುಭೋಗರು ಊರಲ್ಲಿ ಇರಲಿಲ್ಲ, ಮಾಲೂರಿಗೆ ಹೋಗಿದ್ದರು. ಅವಳು ಬರೆಯದೆ ಪಟ್ಟಿ ಅವತ್ತು ನಿಂತಿದ್ದರೆ ತಿಮ್ಮರಾಯಪ್ಪನ ಮನಸ್ಸು ನಾಳೆ ಏನಾಗುತ್ತಿತ್ತೋ, ಯಾರಿಗೆ ಗೊತ್ತು. ಇದೆಲ್ಲ ಅವಳಿಗೆ ಆಮೇಲೆ, ಎಷ್ಟೋ ಸಲ, ಹೊಳೆಯಿತು. ಆ ಹೊತ್ತಿಗೆ ಹೊಳೆದದ್ದು ಬೇರೆ. ಎರಡನೇ ಹೆರಿಗೆಯಿಂದ ಬಿಡದ ಸೊಂಟನೋವು ಹೊಳೆಯಿತು. ದೋಸೆಗೆ ರುಬ್ಬುವ ಒರಳು, ಒಗೆಯುವ ಕಲ್ಲು, ಬೆಳಗಿನ ಜಾವದ ಪಾತ್ರೆಯ ಗುಡ್ಡೆ ಕಣ್ಣ ಮುಂದೆ ಬಂದವು. ಐದು ತಿಂಗಳು ಅವೆಲ್ಲವನ್ನೂ ಇನ್ನೊಂದು ಕೈ ಮಾಡುತ್ತದೆ ಅನ್ನಿಸಿತು. ನಮ್ಮಲ್ಲಿ ಇದ್ದರೆ ಅವಳಿಗೂ ಸುಖವೇ ಅಲ್ಲವೇ ಎಂದೂ ಅನ್ನಿಸಿತು. ಇಂಥ ಹೊತ್ತಿನಲ್ಲಿ ಮನುಷ್ಯರ ಬುದ್ಧಿ ಎಷ್ಟು ಚುರುಕಾಗಿ ಓಡುತ್ತದೆ ನೋಡಿ.

ಅವಳು ಮುಚ್ಚಳ ತೆಗೆದಳು. ಬಾವಿಯ ಸಾಲಿನ ಕೆಳಗೆ, ಅದೇ ಅಳತೆಯ ದುಂಡು ಅಕ್ಷರದಲ್ಲಿ ಮುನಿವೆಂಕಟಮ್ಮನ ಹೆಸರು ಬರೆದು, ಎದುರಿಗೆ ತಿಂಗಳುಗಳನ್ನು ಬರೆದಳು. ಒಂದು ಚಿತ್ತಿಲ್ಲ, ಕಾಟಿಲ್ಲ. ಕೊಟ್ಟಿಗೆಯ ಕಡೆ ಮಾತ್ರ ತಲೆಯೆತ್ತಲಿಲ್ಲ. ಮುನಿವೆಂಕಟಮ್ಮನನ್ನು ಯಾರೂ ಕರೆದು ಕೇಳಲೂ ಇಲ್ಲ.

ವಾಪಸು ಬರುವ ಬಸ್ಸಿನಲ್ಲಿ ಗಂಡಹೆಂಡಿರಿಗೆ ಮಾತಾಯಿತು.

"ಏನ್ಮಾಡ್ಲಿ ಹೇಳು? ಅಲ್ಲೇ ಹಟ ಹಿಡಿದಿದ್ರೆ ಮನೆ ಒಡೀತಿತ್ತು" ಎಂದರು ಮೇಷ್ಟ್ರು.

"ಒಡೆಯೋದಕ್ಕೇ ತಾನೇ ನಾವು ಹೋಗಿದ್ದು?"

ಮೇಷ್ಟ್ರು ಕಿಟಕಿಯ ಆಚೆ ನೋಡಿದರು. ವಾರಿಜಾಳೂ ಅದನ್ನು ಮುಂದುವರಿಸಲಿಲ್ಲ. ಬಲಗೈ ಬೆರಳಿಗೆ ಮಸಿ ಮೆತ್ತಿತ್ತು. ಮನೆಗೆ ಬಂದವಳು ಅದನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದುಕೊಂಡಳು.

ದೀಪಾವಳಿ ಕಳೆದ ಮೂರನೇ ದಿನ ಮುನಿವೆಂಕಟಮ್ಮ ಒಂದು ಗಂಟು, ಒಂದು ಅಲ್ಯೂಮಿನಿಯಂ ತಟ್ಟೆ ಹಿಡಿದು ಜಯನಗರಕ್ಕೆ ನಡೆದೇ ಬಂದಳು. ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ನಸುಕಿನಲ್ಲೇ ಎದ್ದು ಪಾತ್ರೆ ತಿಕ್ಕಿ ಒಗೆಯುವ ಕಲ್ಲಿನ ಮೇಲೆ ದೊಡ್ಡದು ಚಿಕ್ಕದು ನೋಡಿ ಬೋರಲು ಹಾಕುತ್ತಿದ್ದಳು. ವಾರಿಜಾ ಅವುಗಳ ಮೇಲೆ ಒಂದು ಚೊಂಬು ನೀರು ಸುರಿದು ಒಳಗೆ ತೆಗೆದುಕೊಳ್ಳುತ್ತಿದ್ದಳು. ಮೇಷ್ಟ್ರಿಗೆ ಮಡಿಮೈಲಿಗೆಯ ನಂಬಿಕೆ ಇರಲಿಲ್ಲ, ಆದರೆ ಚೊಂಬಿನ ಶಬ್ದ ಕೇಳಿಯೂ ಏನೂ ಅನ್ನುತ್ತಿರಲಿಲ್ಲ. ವಾರಕ್ಕೊಮ್ಮೆ ಮಧ್ಯಾಹ್ನ ಮುನಿವೆಂಕಟಮ್ಮ ವಿಲ್ಸನ್ ಗಾರ್ಡನ್ನಿಗೆ ಓಡಿಹೋಗಿ ಮಗಳನ್ನು ನೋಡಿ ದೀಪ ಹಚ್ಚುವುದರೊಳಗೆ ಬರುತ್ತಿದ್ದಳು. ವಾರಿಜಾಳ ಸೊಂಟನೋವು ಕಡಿಮೆಯಾಯಿತು. ಮುಖದ ಮೇಲೆ ಕಳೆ ಬಂದಿದೆ ಎಂದು ಪಕ್ಕದ ಮನೆಯ ಪಂಕಜಾ ಕೂಡ ಹೇಳಿದಳು.

ಪುಸ್ತಕ ಅಚ್ಚಿಗೆ ಹೋಯಿತು. ಅದರ ಕೊನೆಯ ಅಧ್ಯಾಯವನ್ನೇ ಕಾಲು ಗಂಟೆಯ ರೇಡಿಯೋ ಭಾಷಣ ಮಾಡಿಕೊಡಿ ಎಂದು ಮೇಷ್ಟ್ರಿಗೆ ಕಾಗದ ಬಂತು. ವಾರಿಜಾ ಅದಕ್ಕೂ ಶುದ್ಧ ಪ್ರತಿ ಮಾಡಿದಳು. ಈ ಸಲ ಬರೆಯುತ್ತ ಬರೆಯುತ್ತ ಏನೂ ಕೇಳಲಿಲ್ಲ.

ಭಾಷಣ ಪ್ರಸಾರವಾದದ್ದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ. ಹೊಸತೊಡಕಿನಂದು ಮಾಡಿದ ಕೆಲಸ ವರ್ಷವಿಡೀ ನಡೆಯುತ್ತದೆಂದು ಜನ ನಂಬುವ ದಿನ ಅದು. ನಡುಮನೆಯಲ್ಲಿ ಪಕ್ಕದ ಮನೆಯ ಬದರಿನಾಥರೂ ಪಂಕಜಾಳೂ ಬಂದು ಕೂತಿದ್ದರು. ರೇಡಿಯೋದೊಳಗಿನ ಮೇಷ್ಟ್ರು ಮಾತಾಡುವಾಗ ಹೊರಗಿನ ಮೇಷ್ಟ್ರು ಹೊಸ ಪಂಚೆ ಉಟ್ಟು, ಜುಬ್ಬದ ಜೇಬಿಗೆ ಪೆನ್ನು ಸಿಕ್ಕಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ವಾರಿಜಾ ಹಿತ್ತಿಲಿಗೆ ಬಂದಳು.

ಮುನಿವೆಂಕಟಮ್ಮ ಕೊನೆಯ ಪಾತ್ರೆ ಬೋರಲು ಹಾಕಿ ಕೈ ಒರೆಸಿಕೊಳ್ಳುತ್ತಿದ್ದಳು. ಗಂಟು ಕಟ್ಟಿ ಗೋಡೆಗೆ ಒರಗಿಸಿದ್ದಳು. ಅವತ್ತು ಅವಳ ಸರದಿ ಬದಲಾಗುವ ದಿನ. ಮಗಳಿಗೆ ಇವತ್ತೋ ನಾಳೆಯೋ ಅನ್ನುವ ಹಾಗಿತ್ತು.

"ಮೇಷ್ಟ್ರು ಯಾರ ಕತೆ ಹೇಳ್ತಾವ್ರವ್ವ ಪೆಟ್ಟಿಗೇಲಿ?"

"ಅಮೆರಿಕಾ ಅಂತ ಒಂದು ದೇಶ. ಅಲ್ಲಿ ಜನಾನ ಜೀತಕ್ಕೆ ಇಟ್ಕೊಂಡಿದ್ರಂತೆ."

"ಕೊನೇಗೆ ಬುಟ್ರಾ?"

"ಬಿಟ್ರು. ದೊಡ್ಡ ಯುದ್ಧ ಆಗಿ ಬಿಟ್ರು."

ಮುನಿವೆಂಕಟಮ್ಮ ಹೂಂಗುಟ್ಟಿ ಗಂಟಿನ ಕಡೆ ಬಗ್ಗಿದಳು. ವಾರಿಜಾಳಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಅಂದಳು: "ಹುಳಿಮಾವಿಗೆ ಹೋಗ್ಬೇಡ ಮುನಿವೆಂಕಟಮ್ಮ. ಹೀಗೇ ನೆಟ್ಟಗೆ ಮರಿ ಮನೆಗೆ ಹೋಗ್ಬಿಡು. ಹೋದಳು, ಎಲ್ಲಿಗೋ ಗೊತ್ತಿಲ್ಲ ಅಂತೀನಿ ನಾನು."

ಮುನಿವೆಂಕಟಮ್ಮ ನೆಟ್ಟಗೆ ನಿಂತು ಅವಳನ್ನು ನೋಡಿದಳು. ಐದು ತಿಂಗಳಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು.

"ಹೋದ್ರೆ ಚಿಕ್ಕಯಜಮಾನ್ರು ಬರಕಿಲ್ವಾ? ಮನೆ ಮುಂದೆ ನಿಂತು ಕೂಗಾಡಿ ಎಳ್ಕಂಡು ಹೋದಾರು. ಬಸುರಿ ಮುಂದೆ ಆ ರಂಪ ಬೇಕಾ? ಹೋಗ್ಲಿ, ಎಳ್ಕಂಡು ಹೋಗಕ್ಕೆ ಅವ್ರತಾವ ಏನದೆ ಅಂತಾನಾದ್ರೂ ಕೇಳ್ಬೋದಿತ್ತು. ಗೆದ್ಲು ತಿಂದಿತ್ತಲ್ಲ ನನ್ ಗಂಡನ ಪತ್ರಾವ. ಈಗಿರೋದು ನೀವು ಬರ್ದಿದ್ದೊಂದೇ ಕಣವ್ವ."

ಒಳಗಿನಿಂದ ಮೇಷ್ಟ್ರ ದನಿ ಗಂಭೀರವಾಗಿ ಕೇಳಿಬರುತ್ತಿತ್ತು, ಒಳ್ಳೆಯ ಮನುಷ್ಯರ ಕೈಬರಹದಲ್ಲೇ ಆ ರಾಜಿಗಳೆಲ್ಲ ಬರೆಯಲ್ಪಟ್ಟವು ಎಂದು. ಆ ವಾಕ್ಯವನ್ನು ಬರೆದುಕೊಟ್ಟವಳೂ ವಾರಿಜಾಳೇ.

"ಬರ್ಕೊಡಿ ಹಂಗಾರೆ" ಎಂದಳು ಮುನಿವೆಂಕಟಮ್ಮ. ದನಿ ಏರಲಿಲ್ಲ. "ಆವತ್ತು ಬರ್ದ್ರಲ್ಲ, ಅದೇ ಕೈಲಿ ಬರ್ಕೊಡಿ. ಬುಟ್ಟಿದೀವಿ, ಇನ್ಮೇಲೆ ಇವಳ ತಂಟೆಗೆ ಬರಕಿಲ್ಲ ಅಂತ. ಅದು ಇಟ್ಕಂಡು ಹೋಯ್ತೀನಿ ಮಗಳ ಮನೆಗೆ."

"ಇರು, ಬಂದೆ" ಎಂದು ವಾರಿಜಾ ಒಳಗೆ ಓಡಿದಳು.

ನಡುಮನೆಯ ಬಾಗಿಲಲ್ಲಿ ನಿಂತಳು. ಪೆನ್ನು ಗಂಡನ ಜೇಬಿನಲ್ಲಿತ್ತು. ಮಗ್ಗುಲ ಮೇಜಿನ ಮೇಲೆ ಬಿಳಿಹಾಳೆಗಳಿದ್ದವು. ಎರಡು ಹೆಜ್ಜೆ ಇಟ್ಟು ಕೈ ನೀಡಿದ್ದರೆ ಆಗುತ್ತಿತ್ತು. ಬರೆದುಕೊಟ್ಟರೆ ಸಂಜೆಗೆ ಮೈದುನ ಬಂದು ಇದೇ ನಡುಮನೆಯಲ್ಲಿ ಕೂರುತ್ತಾನೆ. ಮಾತು ಮುರಿದಿರಿ, ರಸ್ತೆ ಬದಿಯ ಹೊಲ ಇತ್ತ ತನ್ನಿ ಅನ್ನುತ್ತಾನೆ. ಮೂಲೆಯಲ್ಲಿ ಹೊಸ ಲಂಗ ಉಟ್ಟ ಇಬ್ಬರು ಹೆಣ್ಣುಮಕ್ಕಳು ಅಪ್ಪನ ಭಾಷಣಕ್ಕೆ ಬೇಸತ್ತು ಒಬ್ಬರ ಜಡೆ ಒಬ್ಬರು ಎಳೆಯುತ್ತಿದ್ದರು.

ಮೇಷ್ಟ್ರು ಕಣ್ಣು ತೆರೆದರು. "ಏನು ಬೇಕಿತ್ತು?"

"ಏನಿಲ್ಲ" ಎಂದಳು ವಾರಿಜಾ.

ಅಡಿಗೆಮನೆಗೆ ಹೋದಳು. ಹಬ್ಬದ ಒಬ್ಬಟ್ಟು ಆರು ಉಳಿದಿದ್ದವು. ಆರನ್ನೂ ಬಾಳೆಲೆಯಲ್ಲಿಟ್ಟು, ಮೇಲೆ ತುಪ್ಪ ಹಾಕಿ, ಮಡಿಸಿ ದಾರ ಸುತ್ತಿದಳು. ಹಿತ್ತಿಲಿಗೆ ಬಂದು ಮುಖ ತಪ್ಪಿಸಿ ಅದನ್ನು ಮುನಿವೆಂಕಟಮ್ಮನ ಕೈಗೆ ಹಾಕಿದಳು.

"ಹೆಂಗಾದ್ರೂ ಮಾಡಿ ಮರಿಗೆ ಕಳಿಸು. ಒಬ್ಬಟ್ಟು ಅಂದ್ರೆ ಅವಳಿಗೆ ಪ್ರಾಣ ಅಂದಿದ್ದೆಯಲ್ಲ."

ಮುನಿವೆಂಕಟಮ್ಮ ಎಲೆಯ ಪೊಟ್ಟಣವನ್ನು ನೋಡಿದಳು, ವಾರಿಜಾಳ ಕೈ ನೋಡಿದಳು. ಅಷ್ಟರಲ್ಲಿ ಒಳಗೆ ಭಾಷಣ ಮುಗಿದು ನಾದಸ್ವರ ಶುರುವಾಯಿತು. "ಅದ್ಭುತ ಸಾರ್! ಏನು ಸ್ಪಷ್ಟ ವಿಚಾರ! ನಮ್ಮ ಜನ ಇದನ್ನ ಕೇಳ್ಬೇಕು" ಎಂದು ಬದರಿನಾಥರ ಗಂಟಲು ಕೇಳಿಸಿತು.

"ವಾರಿಜಾ, ಎಲ್ಲರಿಗೂ ಕಾಫಿ!"

ಅವಳು ಒಳಗೆ ಹೋಗಿ ಕಾಫಿಗೆ ಇಟ್ಟಳು. ಲೋಟಗಳು ಸಾಲಲಿಲ್ಲ. ತೊಳೆದಿಟ್ಟವನ್ನು ತರಲು ಚೊಂಬಿನಲ್ಲಿ ನೀರು ಹಿಡಿದು ಮತ್ತೆ ಹಿತ್ತಿಲಿಗೆ ಬಂದಳು. ಗೋಡೆಯ ಬಳಿ ಗಂಟಿರಲಿಲ್ಲ. ಹಿಂದಿನ ಖಾಲಿ ಸೈಟುಗಳಾಚೆ, ಹುಳಿಮಾವಿಗೆ ಹೋಗುವ ಬನ್ನೇರುಘಟ್ಟ ರಸ್ತೆಯ ಕಡೆಗೆ, ತಲೆಯ ಮೇಲೆ ಗಂಟು ಹೊತ್ತ ಹೆಂಗಸೊಬ್ಬಳು ಬೇಗಬೇಗ ನಡೆದು ಹೋಗುತ್ತಿದ್ದಳು. ಒಗೆಯುವ ಕಲ್ಲಿನ ಮೇಲೆ ಪಾತ್ರೆಗಳು ಎಂದಿನ ಹಾಗೆ ದೊಡ್ಡದು ಚಿಕ್ಕದು ಸಾಲಾಗಿ ಬೋರಲು ಬಿದ್ದಿದ್ದವು. ಎಲ್ಲಕ್ಕಿಂತ ದೊಡ್ಡ ಪಾತ್ರೆಯ ಬೆನ್ನ ಮೇಲೆ, ಸುತ್ತಿದ ದಾರ ಸುತ್ತಿದ ಹಾಗೇ, ಒಬ್ಬಟ್ಟಿನ ಪೊಟ್ಟಣ ಇತ್ತು.

ವಾರಿಜಾ ಚೊಂಬು ಎತ್ತಿದವಳು, ನೀರನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಳು.